ಪೋಳದ ಅತಿಥಿ, ಪೋಳದ ಮನೆಯವರು

ಗುಜರಾತಿಗೆ ಬಂದು ನೆಲೆಸಿದವರು ಮೊದಲ ವಾರದಲ್ಲೇ ಎರಡು ಮಾತು ಕಲಿತುಬಿಡುತ್ತಾರೆ. ಯಾರಾದರೂ ‘ಕೇಮ್ ಛೋ?’ ಎಂದರೆ ‘ಮಜಾಮಾಂ’ ಎನ್ನಬೇಕು. ಹೇಗಿದ್ದೀರಿ ಅಂದರೆ ಮಜವಾಗಿದ್ದೇನೆ. ಸಂಬಳ ಆಗಿರದಿದ್ದರೂ, ಮಗಳಿಗೆ ಜ್ವರವಿದ್ದರೂ, ರಾತ್ರಿಯಿಡೀ ನಿದ್ದೆ ಹತ್ತಿರದಿದ್ದರೂ ಲಿಫ್ಟಿನಲ್ಲಿ ಸಿಕ್ಕವರಿಗೆ ಮಜಾಮಾಂ. ನಮ್ಮ ಧಾರವಾಡದ ಕಡೆಯ ‘ಆರಾಮ ಅದೀರಿ?’ ‘ಹೂಂ, ಆರಾಮ’ ಕೂಡ ಇದೇ ಬಗೆಯದು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಬೆಳಗಿನ ಹೊತ್ತು ಎದುರಿನವರ ಹೆಗಲ ಮೇಲೆ ನಮ್ಮ ಭಾರ ಹೇರದಿರುವ ಒಂದು ಮರ್ಯಾದೆ ಅದು.

ತೊಡಕು ಬರುವುದು ಆಮೇಲೆ. ಲಿಫ್ಟಿನಿಂದ ಇಳಿಯುವಷ್ಟರಲ್ಲಿ ಮೊಬೈಲಿಗೆ ಯಾರೋ ಒಂದು ಹಿತವಚನ ಕಳಿಸಿರುತ್ತಾರೆ. ಮುಖವಾಡ ಕಳಚಬೇಕಂತೆ. ನಾವು ನಾವಾಗಿಯೇ ಇರಬೇಕಂತೆ. ಶಾಂತಿಯನ್ನು ಹೊರಗೆ ಹುಡುಕಬಾರದಂತೆ, ಅದು ಒಳಗೇ ಇದೆಯಂತೆ. ಕಳಿಸಿದವರು ಹಿಂದೂಗಳಾದರೆ ಕೃಷ್ಣಾರ್ಜುನರ ಚಿತ್ರ, ಕ್ರೈಸ್ತರಾದರೆ ಕುರಿಮರಿ ಹೊತ್ತ ಏಸುವಿನ ಚಿತ್ರ, ಕಂಪನಿಯ ಎಚ್‌ಆರ್ ವಿಭಾಗದವರಾದರೆ ಸೂರ್ಯೋದಯ. ಮಾತು ಮಾತ್ರ ಒಂದೇ. ಊರು ಬಿಟ್ಟು ಬಂದವರಿಗೆ ಈ ಉಪದೇಶದ ಮೊದಲ ಹೆಜ್ಜೆಯೇ ಕಷ್ಟದ್ದು. ನಾವು ನಾವಾಗಿರುವುದು ಅಂದರೆ ಯಾವ ನಾವು? ಮನೆಯೊಳಗೆ ಕನ್ನಡ ಆಡುವವರೋ, ಆಫೀಸಿನಲ್ಲಿ ಹಿಂದಿಗೆ ಇಂಗ್ಲಿಷ್ ಬೆರೆಸುವವರೋ, ಸಂಜೆ ತರಕಾರಿಯ ಲಾರಿಯ ಮುಂದೆ ಮುರುಕು ಗುಜರಾತಿಯಲ್ಲಿ ಚೌಕಾಸಿ ಮಾಡುವವರೋ? (ಇಲ್ಲಿ ಲಾರಿ ಎಂದರೆ ತಳ್ಳುಗಾಡಿ. ಹೊಸಬರು ತರಕಾರಿಗೆಂದು ಲಾರಿ ಹುಡುಕಿಕೊಂಡು ಹೆದ್ದಾರಿಗೆ ಹೋಗುವುದು ಬೇಡ.)

ಈ ಪ್ರಶ್ನೆಯನ್ನು ಇದೇ ಅಹಮದಾಬಾದಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಬಹಳ ದೂರದವರೆಗೆ ಎಳೆದುಕೊಂಡು ಹೋದರು. ಗುಜರಾತಿಗಳಿಗೆಲ್ಲ ಅವರು ಫಾದರ್ ವಾಲೆಸ್. ಪೂರ್ತಿ ಹೆಸರು ಕಾರ್ಲೋಸ್ ಗೊನ್ಸಾಲೆಸ್ ವಾಲೆಸ್. ಹುಟ್ಟಿದ್ದು 1925ರಲ್ಲಿ, ಸ್ಪೇನಿನ ಲೊಗ್ರೊನ್ಯೊ ಎಂಬ ಊರಿನಲ್ಲಿ. ಹತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ, 1936ರಲ್ಲಿ, ಸ್ಪೇನಿನ ಅಂತರ್ಯುದ್ಧ ಶುರುವಾಗಿ ಮನೆಮಾರು ಹೋಯಿತು. ಹದಿನೈದನೆಯ ವಯಸ್ಸಿಗೆ ಯೇಸುಸಭೆ ಸೇರಿ, 1949ರಲ್ಲಿ ಭಾರತಕ್ಕೆ ಬಂದು, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮಾಡಿಕೊಂಡರು. ಅವರನ್ನು ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತ ಕಲಿಸಲು ಕಳಿಸುವುದೆಂದಿತ್ತು. ಇಂಗ್ಲಿಷಿನಲ್ಲಿ ಪಾಠ ಮಾಡಿ ಕಾಲ ತಳ್ಳಬಹುದಿತ್ತು, ಹಾಗೆ ತಳ್ಳಿದವರು ಎಷ್ಟೋ ಜನ. ಇವರು ಮಾತ್ರ ವಲ್ಲಭ ವಿದ್ಯಾನಗರದ ವಿದ್ಯಾರ್ಥಿನಿಲಯದಲ್ಲಿ ಹುಡುಗರ ಜೊತೆಗಿದ್ದು ಗುಜರಾತಿ ಕಲಿತರು. ಪುಣೆಯಲ್ಲಿ ದೈವಶಾಸ್ತ್ರ ಓದಿ, 1958ರಲ್ಲಿ ಗುರುದೀಕ್ಷೆ ಪಡೆದು, 1960ರಲ್ಲಿ ಕಾಲೇಜಿಗೆ ಬಂದರು.

ಅದೇ 1960ರಲ್ಲಿ ‘ಸದಾಚಾರ’ ಎಂಬ ಪುಸ್ತಕ ಬಂತು. ತರುಣರಿಗೆ ಬರೆದ ನಡೆನುಡಿಯ ಪ್ರಬಂಧಗಳು. ಪ್ರಕಾಶಕರು ಯಾರೂ ಮುಂದೆ ಬರದೆ, ಸ್ಪೇನಿನಲ್ಲಿದ್ದ ತಾಯಿ ಕಳಿಸಿದ ಹಣದಲ್ಲಿ ಅಚ್ಚಾಯಿತು. ಆಮೇಲೆ ‘ಕುಮಾರ್’ ಮಾಸಿಕ, ಅದರ ನಂತರ ‘ಗುಜರಾತ್ ಸಮಾಚಾರ್’ ದಿನಪತ್ರಿಕೆಯಲ್ಲಿ ಹೊಸ ಪೀಳಿಗೆಯನ್ನು ಉದ್ದೇಶಿಸಿ ಅಂಕಣ. ಗುಜರಾತಿಯಲ್ಲೇ ಎಪ್ಪತ್ತರ ಆಸುಪಾಸು ಪುಸ್ತಕಗಳು. ಇದರ ನಡುವೆ ಆಧುನಿಕ ಗಣಿತವನ್ನು ಗುಜರಾತಿಗೆ ತರುವ ಕೆಲಸ, ‘ಸುಗಣಿತಮ್’ ಪತ್ರಿಕೆಗೆ ಲೇಖನ. 1978ರಲ್ಲಿ ಗುಜರಾತಿ ಸಾಹಿತ್ಯದ ದೊಡ್ಡ ಗೌರವವಾದ ರಣಜಿತರಾಮ್ ಸುವರ್ಣ ಚಂದ್ರಕ ಸಿಕ್ಕಿತು. ಪರದೇಶದವರೊಬ್ಬರಿಗೆ ಅದು ಸಿಕ್ಕಿದ್ದು ಆಗಲೇ ಮೊದಲು. ಕನ್ನಡದ ಓದುಗರಿಗೆ ಕೂಡಲೇ ಕಿಟೆಲ್ ನೆನಪಾಗುತ್ತಾರೆ. ಹೋಲಿಕೆ ಇದೆ, ಆದರೆ ಸ್ವಲ್ಪ ದೂರ ಮಾತ್ರ. ಕಿಟೆಲ್ 1894ರಲ್ಲಿ ನಮ್ಮ ಕೈಗಿಟ್ಟದ್ದು ನಿಘಂಟು, ಅದರ ಬೆಲೆ ಅದರ ಪುಟಗಳಲ್ಲೇ ಇದೆ. ಅದನ್ನು ಬಳಸುವಾಗ ಕಿಟೆಲ್ ಹೇಗೆ ಬದುಕಿದರು ಎಂದು ಯಾರೂ ಕೇಳಬೇಕಿಲ್ಲ. ವಾಲೆಸ್ ಕೊಟ್ಟದ್ದು ಹೇಗೆ ಬದುಕಬೇಕು ಎನ್ನುವ ಮಾತು. ಅಂಥ ಮಾತು ಹೇಳಿದವರನ್ನು ‘ನೀವು ಹೇಗೆ ಬದುಕುತ್ತೀರಿ?’ ಎಂದು ಕೇಳುವ ಹಕ್ಕು ಓದುಗರಿಗೆ ಇದ್ದೇ ಇರುತ್ತದೆ.

ಅಂಕಣ ಜನಪ್ರಿಯವಾಗಿತ್ತು, ಕಾಲೇಜಿನ ಕೆಲಸ ಗಟ್ಟಿಯಾಗಿತ್ತು, ಆವರಣದಲ್ಲಿ ಗುರುಗಳ ನಿವಾಸವಿತ್ತು. ಅಲ್ಲಿ ಒಂದು ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಮೇಜಿನ ಮೇಲೆ ದೀಪ. ಬಾಡಿಗೆ ಕಟ್ಟದ, ಅತ್ತೆ-ಸೊಸೆಯ ಜಗಳ ಕೇಳಿರದ, ನಳಕ್ಕೆ ನೀರು ಬರುವ ಹೊತ್ತಿಗೆ ಎದ್ದು ಕೊಡ ಇಟ್ಟಿರದ ಮನುಷ್ಯ ಸಂಸಾರಸ್ಥರಿಗೆ ತಾಳ್ಮೆಯ ಪಾಠ ಹೇಳುತ್ತಿದ್ದಾನೆ ಎಂದರೆ ಅದರಲ್ಲೇನೋ ಟೊಳ್ಳು ಇರಲೇಬೇಕು. 1973ರಲ್ಲಿ ಅವರು ಆ ಕೋಣೆ ಬಿಟ್ಟರು. ಒಂದು ಸಣ್ಣ ಚೀಲ ಹಿಡಿದುಕೊಂಡು ಹಳೆಯ ಅಹಮದಾಬಾದಿನ ಪೋಳಗಳಿಗೆ ಹೋಗಿ, ಬಾಗಿಲು ತಟ್ಟಿ, ಕೆಲವು ದಿನ ನಿಮ್ಮ ಮನೆಯವರಲ್ಲಿ ಒಬ್ಬನಾಗಿ ಇರಲೇ ಎಂದು ಕೇಳತೊಡಗಿದರು. ಒಪ್ಪಿದ ಮನೆಯಲ್ಲಿ ಅವರು ಉಂಡದ್ದನ್ನೇ ಉಣ್ಣುವುದು, ಅವರು ತೋರಿಸಿದ ಜಾಗದಲ್ಲಿ ಮಲಗುವುದು. ಬೆಳಿಗ್ಗೆ ಸೈಕಲ್ ತುಳಿದುಕೊಂಡು ನದಿಯಾಚೆಯ ಕಾಲೇಜಿಗೆ ಹೋಗಿ ಗಣಿತ ಕಲಿಸಿ, ಸಂಜೆ ಮತ್ತೆ ಪೋಳಕ್ಕೆ. ಕೆಲವು ದಿನಗಳಾದ ಮೇಲೆ ಇನ್ನೊಂದು ಮನೆ. ಒಂದು ತಿಂಗಳ ಪ್ರಯೋಗವಲ್ಲ. ಸುಮಾರು ಹತ್ತು ವರ್ಷ ಹೀಗೇ ನಡೆಯಿತು.

ಪೋಳ ನೋಡಿರದವರಿಗೆ ಎರಡು ಮಾತು. ಹಳೆಯ ಅಹಮದಾಬಾದಿನ ಒತ್ತೊತ್ತಾದ ಓಣಿ ಅದು. ಬಾಯಲ್ಲೊಂದು ಹೆಬ್ಬಾಗಿಲು, ಒಳಗೆ ಒಂದಕ್ಕೊಂದು ಬೆನ್ನು ಕೊಟ್ಟ ಮರದ ಕೆತ್ತನೆಯ ಮನೆಗಳು, ನಡುವೆ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ, ಮನೆಯ ಮುಂದೆ ಓಟ್ಲೊ, ಅಂದರೆ ನಮ್ಮ ಜಗಲಿ. ಹಿಂದೆ ರಾತ್ರಿಯಾದರೆ ಹೆಬ್ಬಾಗಿಲು ಮುಚ್ಚುತ್ತಿದ್ದರು. ಒಂದು ಪೋಳದಲ್ಲಿ ಸಾಮಾನ್ಯವಾಗಿ ಒಂದೇ ಜಾತಿ, ಒಂದೇ ಮತ, ಒಂದೇ ಕಸುಬಿನವರು. 2017ರಲ್ಲಿ ಯುನೆಸ್ಕೊ ಈ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಬೆಳಗಿನ ಹೊತ್ತು ಪ್ರವಾಸಿಗರು ಕ್ಯಾಮೆರಾ ಹಿಡಿದು ಈ ಓಣಿಗಳಲ್ಲಿ ಸುತ್ತುತ್ತಾರೆ. ಅವರು ಮೆಚ್ಚಿಕೊಳ್ಳುವ ಆ ಕಟ್ಟಡ ಕ್ರಮವೇ ಹೊರಗಿನವರನ್ನು ಹೊರಗಿಡಲೆಂದು ಹುಟ್ಟಿದ್ದು. ಅಂದಹಾಗೆ ‘ಪೋಳ’ದ ಆ ಳಕಾರ ಹಿಂದಿಯವರ ಬಾಯಲ್ಲಿ ಲಕಾರವಾಗುತ್ತದೆ. ಕನ್ನಡಿಗರಿಗೆ ಗುಜರಾತಿಯಲ್ಲಿ ಸಿಗುವ ಸಣ್ಣ ಸಂತೋಷಗಳಲ್ಲಿ ಇದೂ ಒಂದು, ನಮ್ಮ ಳ ಇಲ್ಲೂ ಇದೆ.

ಹೀಗೆ ಮನೆಮನೆ ತಿರುಗುವುದರಲ್ಲಿ ಕ್ರೈಸ್ತವಾದದ್ದು ಏನಿದೆ ಎಂದು ಕೇಳಿದರೆ, ಬೇರೇ ಅಲ್ಲಿದೆ. ಏಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ ಹಣದ ಗಂಟು, ಜೋಳಿಗೆ ಯಾವುದನ್ನೂ ಒಯ್ಯಬೇಡಿ ಎಂದದ್ದು, ಬರಮಾಡಿಕೊಂಡವರ ಮನೆಯ ಅನ್ನವನ್ನೇ ನಂಬಿಕೊಂಡಿರಲು ಹೇಳಿದ್ದು ಸುವಾರ್ತೆಗಳಲ್ಲಿದೆ. ಇದನ್ನು ಬಡತನದ ವ್ರತವೆಂದು ಓದುವುದು ರೂಢಿ. ನನಗೆ ಅದರಲ್ಲಿ ಹೆಚ್ಚು ಮುಖ್ಯವೆನಿಸುವುದು ಬೇರೊಂದು. ಬೋಧಿಸಲು ಹೋಗುವವನು ಕೇಳುವವರ ಕರುಣೆಯಲ್ಲಿ ಇರಬೇಕು. ಬಾಗಿಲು ಹಾಕಿಕೊಳ್ಳುವ ಹಕ್ಕು ಅವರ ಕೈಯಲ್ಲಿರಬೇಕು. ಆಗ ಮಾತಾಡುವವನ ತೂಕ ತಾನಾಗಿ ಇಳಿಯುತ್ತದೆ. ವಾಲೆಸರ ಸ್ಥಿತಿಯನ್ನು ಊಹಿಸಿಕೊಳ್ಳಿ. ಭಾನುವಾರದ ಬೆಳಿಗ್ಗೆ ಪೇಪರು ಬಂದಿದೆ. ಸಿಟ್ಟನ್ನು ಹೇಗೆ ಗೆಲ್ಲಬೇಕು ಎಂದು ಬರೆದ ಅಂಕಣವನ್ನು ಮನೆಯವರು ಓದುತ್ತಿದ್ದಾರೆ. ಬರೆದವರು ಅದೇ ಪಡಸಾಲೆಯ ತೂಗುಮಣೆಯ ಮೇಲೆ ಚಹಾಕ್ಕೆ ಕಾಯುತ್ತ ಕುಳಿತಿದ್ದಾರೆ. ಹಿಂದಿನ ರಾತ್ರಿ ಕೂಸು ಅತ್ತಾಗ, ಪಕ್ಕದ ಮನೆಯ ರೇಡಿಯೊ ಜೋರಾದಾಗ ಅವರ ಹುಬ್ಬು ಗಂಟಿಕ್ಕಿತ್ತೋ ಇಲ್ಲವೋ ಎಂಬುದನ್ನು ಆ ಮನೆಯ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರೂ ಕಂಡಿದ್ದಾರೆ. ಇಷ್ಟು ಕಟುವಾದ ವಿಮರ್ಶಕ ಮಂಡಳಿ ಯಾವ ಸಾಹಿತ್ಯ ಅಕಾಡೆಮಿಯಲ್ಲೂ ಇರಲಾರದು.

ಯೇಸುಸಭೆಯವರಿಗೆ ದಿನಕ್ಕೆರಡು ಸಲ ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿಕೊಳ್ಳುವ ಅಭ್ಯಾಸವಿದೆ, ಇಗ್ನೇಷಿಯಸ್ ಹಾಕಿಕೊಟ್ಟ ಕ್ರಮ. ಬೆಳಗಿನಿಂದ ಏನಾಯಿತು, ಎಲ್ಲಿ ಮನಸ್ಸು ತಪ್ಪಿತು, ಎಲ್ಲಿ ಕೃತಜ್ಞನಾಗಬೇಕು ಎಂದು ನೋಡಿಕೊಳ್ಳುವುದು. ಒಳ್ಳೆಯ ಅಭ್ಯಾಸವೇ. ಆದರೆ ಒಂಟಿ ಕೋಣೆಯಲ್ಲಿ ನಾವು ನಮ್ಮನ್ನೇ ಪರೀಕ್ಷಿಸಿದರೆ ಪ್ರಶ್ನೆಪತ್ರಿಕೆ ತಯಾರಿಸುವವರೂ ನಾವೇ, ಅಂಕ ಹಾಕುವವರೂ ನಾವೇ. ನಾವು ನಾವಾಗಿರುವುದು ಎಂಬ ಮಾತಿನ ಮೋಸ ಇರುವುದು ಇಲ್ಲೇ. ಒಳಗೆ ಎಲ್ಲೋ ಒಂದು ಅಪ್ಪಟ ‘ನಾನು’ ಜೋಪಾನವಾಗಿ ಕುಳಿತಿದೆ, ಲೋಕದ ಧೂಳು ಒರೆಸಿದರೆ ಅದು ಹೊಳೆಯುತ್ತದೆ ಎಂದು ನಂಬಿಸುತ್ತಾರೆ. ಪೋಳದಲ್ಲಿ ಹತ್ತು ವರ್ಷ ಇದ್ದ ಮನುಷ್ಯನ ಯಾವುದು ಅಪ್ಪಟ? ಅವರು ಬರೆದ ಗುಜರಾತಿಯೂ ಕೊಟ್ಟವರಿಂದ ಬಂದದ್ದು, ಉಂಡ ರೋಟ್ಲಿಯೂ ಕೊಟ್ಟವರಿಂದ ಬಂದದ್ದು. ಹಾಗಿದ್ದೂ ಅವರ ಬರವಣಿಗೆಯನ್ನು ಕೃತಕ ಎಂದು ಯಾರೂ ಅನ್ನಲಿಲ್ಲ. ಸಚ್ಚಾತನವೆಂದರೆ ತಂದದ್ದನ್ನು ಕಾಪಾಡಿಕೊಳ್ಳುವುದಲ್ಲ, ಆಡಿದ ಮಾತಿಗೆ ಸಾಕ್ಷಿಗಳು ಮನೆತುಂಬ ಇರುವಂತೆ ಬದುಕುವುದು ಎಂದು ಅವರ ಬದುಕನ್ನು ನಾನು ಓದಿಕೊಳ್ಳುತ್ತೇನೆ.

ಗುಜರಾತಿಗಳು ಅವರನ್ನು ‘ಸವಾಯಾ ಗುಜರಾತಿ’ ಎಂದರು, ಒಂದೂಕಾಲು ಗುಜರಾತಿ. ಕುಂದಗೋಳದ ಸವಾಯಿ ಗಂಧರ್ವರನ್ನು ಬಲ್ಲ ನಮಗೆ ಆ ಕಾಲು ಪಾಲಿನ ಹೆಚ್ಚಳ ಏನೆಂದು ವಿವರಿಸಬೇಕಿಲ್ಲ. ಈ ಬಿರುದನ್ನು ಮೊದಲು ಕಾಕಾ ಕಾಲೇಲ್ಕರರಿಗೆ ಗಾಂಧೀಜಿ ಕೊಟ್ಟಿದ್ದರು. ಮರಾಠಿ ಮನೆಮಾತಿನ, ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದು ವಡೋದರಾಕ್ಕೆ, ಅಲ್ಲಿಂದ ಮುಂದೆ ಗಾಂಧೀಜಿಯ ಆಶ್ರಮಕ್ಕೆ ಬಂದ ಕಾಲೇಲ್ಕರರು ಗುಜರಾತಿ ಗದ್ಯದ ದೊಡ್ಡ ಲೇಖಕರಾದರು. ಕಾಲೇಲ್ಕರರ ಹೆಸರಿನ ಸೌಹಾರ್ದ ಪ್ರಶಸ್ತಿಯೂ 1995ರಲ್ಲಿ ವಾಲೆಸರಿಗೆ ಬಂತು. ಹೊರಗಿನವರು ಕಾಲು ಪಾಲು ಹೆಚ್ಚಾಗಿಯೇ ಕಾಣಿಸಿಕೊಳ್ಳಬೇಕು, ಇಲ್ಲವಾದರೆ ಮುಕ್ಕಾಲು ಎನಿಸಿಕೊಳ್ಳುತ್ತಾರೆ ಎಂಬ ಕಹಿಯೂ ಈ ಬಿರುದಿನೊಳಗೆ ಇದೆಯೋ ಏನೋ.

ಶಾಂತಿಗೆ ಇನ್ನೊಂದು ದಾರಿಯೂ ಇದೇ ನೆಲದಲ್ಲಿದೆ. 1907ರ ಡಿಸೆಂಬರಿನಲ್ಲಿ ಸೂರತ್ತಿನ ಕಾಂಗ್ರೆಸ್ ಅಧಿವೇಶನ ಕುರ್ಚಿ, ಚಪ್ಪಲಿಗಳ ಎಸೆದಾಟದಲ್ಲಿ ಒಡೆದುಹೋಯಿತು. ಅಲ್ಲಿಂದ ವಡೋದರಾಕ್ಕೆ ಬಂದ ಅರವಿಂದ ಘೋಷರು, ವಿಷ್ಣು ಭಾಸ್ಕರ ಲೇಲೆ ಎಂಬ ಯೋಗಿಯ ಜೊತೆ ಒಂದು ಮನೆಯ ಕೋಣೆಯಲ್ಲಿ ಮೂರು ದಿನ ಬಾಗಿಲು ಹಾಕಿಕೊಂಡು ಕುಳಿತರು. ಮನಸ್ಸು ಪೂರ್ತಿ ನಿಶ್ಶಬ್ದವಾಯಿತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅದನ್ನು ಅಲ್ಲಗಳೆಯುವಷ್ಟು ನಾನು ದೊಡ್ಡವನಲ್ಲ. ಆದರೆ ನಮ್ಮಂಥ ಸಾಮಾನ್ಯರಿಗೆ ಮೂರು ದಿನ ಯಾರೂ ತಟ್ಟದ ಬಾಗಿಲು ಎಲ್ಲಿಂದ ಬರಬೇಕು? ನಮ್ಮ ಶಾಂತಿ ಬಂದರೆ ಕುಕ್ಕರಿನ ಸೀಟಿಯ ನಡುವೆಯೇ ಬರಬೇಕು. ಪೋಳದ ದಾರಿ ನನಗೆ ಹತ್ತಿರವೆನಿಸುವುದು ಅದಕ್ಕೇ.

ಇಲ್ಲಿಯವರೆಗೆ ಹೇಳಿದ್ದು ಬಂದವರ ಕಡೆಯ ಕಥೆ. ಫಾದರ್ ವಾಲೆಸರ ಬಗ್ಗೆ ಬರೆಯುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಬಾಗಿಲ ಒಳಗಿನವರ ಕುತೂಹಲ. ಒಬ್ಬ ಬಿಳಿಯ ಪರದೇಶಿ, ಬೇರೆ ಮತದ ಪಾದ್ರಿ, ಮನೆಯಲ್ಲಿ ಇರುತ್ತೇನೆ ಎನ್ನುತ್ತಾನೆ. ಜೈನರ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು, ಗೆಡ್ಡೆಗೆಣಸು ನಡೆಯುವುದಿಲ್ಲ. ವೈಷ್ಣವರ ಮನೆಗಳಲ್ಲಿ ಠಾಕೋರ್‌ಜೀಯ ಸೇವೆಗೆ ಅದರದೇ ಮಡಿ. ಎರಡು ಕೋಣೆಯ ಮನೆಯಲ್ಲಿ ಏಳು ಜನರಿದ್ದರೆ ಎಂಟನೆಯವರಿಗೆ ಹಾಸುವುದೆಲ್ಲಿ? ಅಕ್ಕಪಕ್ಕದವರು ಏನೆಂದಾರು? ಬಾಗಿಲು ತೆರೆದ ಗಂಡಸರು ‘ಆವೋ, ಆವೋ’ ಎಂದಿರಬಹುದು. ಹೆಚ್ಚಿನ ಹಿಟ್ಟು ಕಲಸಿ, ಹೆಚ್ಚಿನ ತಟ್ಟೆ ತೊಳೆದವರು ಹೆಂಗಸರು. ‘ಆತ್ಮವಿಕಾಸ’ ಎಂಬ ದೊಡ್ಡ ಪದಕ್ಕೆ ಅರ್ಥವಿದ್ದರೆ ಅದರ ಅರ್ಧಪಾಲು ಈ ಅಡುಗೆಮನೆಗಳಲ್ಲಿ ನಡೆದಿದೆ. ಅಂಕಣ ಓದಿ ಬೆಳೆದವರಿಗಿಂತ, ಅಂಕಣಕಾರರಿಗೆ ಬಡಿಸಿ ಬೆಳೆದವರು ಕಡಿಮೆಯೇನಲ್ಲ.

ನಮ್ಮ ಹಿರಿಯರಿಗೆ ಈ ವ್ಯವಸ್ಥೆ ಹೊಸದಲ್ಲ. ಧಾರವಾಡ, ಮೈಸೂರುಗಳಲ್ಲಿ ಓದಲು ಬಂದ ಬಡ ಹುಡುಗರು ವಾರಾನ್ನದಿಂದಲೇ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರ ಋಣವನ್ನು ಕೊನೆಯವರೆಗೂ ನೆನೆದವರಿದ್ದಾರೆ, ಅದರ ಅವಮಾನವನ್ನು ಮರೆಯದವರೂ ಇದ್ದಾರೆ. ಯಾವ ಮನೆಯಲ್ಲಿ ತುಪ್ಪ ಬಡಿಸುತ್ತಿದ್ದರು, ಯಾವ ಮನೆಯಲ್ಲಿ ಹುಡುಗನನ್ನು ಹಿತ್ತಲ ಕಡೆ ಕೂರಿಸುತ್ತಿದ್ದರು ಎಂಬುದೆಲ್ಲ ಅವರಿಗೆ ಲೆಕ್ಕವಿಟ್ಟಂತೆ ನೆನಪಿರುತ್ತಿತ್ತು. ಆದರೆ ವಾರಾನ್ನ ಎಲ್ಲರಿಗೂ ಇರಲಿಲ್ಲ. ಅನ್ನ ಹಾಕುವ ಮೊದಲು ಜಾತಿ ಕೇಳಿ ತಿಳಿದುಕೊಂಡಿರುತ್ತಿದ್ದರು. ಜಾತಿಯ ಆ ಬೇಲಿಯ ಆಚೆ ನಿಂತ ಹುಡುಗನಿಗೆ ವಾರದ ಏಳು ದಿನವೂ ಏಕಾದಶಿ.

ಹೀಗೆ ಬೇಲಿಯ ಆಚೆ ನಿಂತವರೊಬ್ಬರು ಅಹಮದಾಬಾದಿನಿಂದ ನೂರು ಕಿಲೋಮೀಟರ್ ದೂರದ ವಡೋದರಾಕ್ಕೆ 1917ರಲ್ಲಿ ಬಂದಿಳಿದರು. ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಕರಾರಿನಂತೆ ಸಂಸ್ಥಾನದ ಸೇವೆಗೆ ಬಂದಿದ್ದ ಭೀಮರಾವ್ ಅಂಬೇಡ್ಕರ್ ಅವರು. ಕೆಲಸ ಸಿದ್ಧವಿತ್ತು, ಇರಲು ಮನೆ ಇರಲಿಲ್ಲ. ಹಿಂದೂ ಹೋಟೆಲುಗಳಲ್ಲಿ ಜಾಗ ಸಿಗುವ ಹಾಗಿರಲಿಲ್ಲ. ಪಾರ್ಸಿಗಳ ತಂಗುಮನೆಯೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಕೆಲವು ದಿನ ಕಳೆದರು. ನಾವು ನಾವಾಗಿರಬೇಕೆಂಬ ಉಪದೇಶ ಅವರ ಮುಂದೆ ನಿಂತು ಏನು ಹೇಳೀತು? ಹನ್ನೊಂದನೆಯ ದಿನದ ಬೆಳಿಗ್ಗೆ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ ಅವರು ಇದನ್ನೆಲ್ಲ ಏರುದನಿಯಿಲ್ಲದೆ ಬರೆದಿದ್ದಾರೆ. ಅಂದು ಅವರು ಇಬ್ಬರು ಸ್ನೇಹಿತರ ನೆರವು ಕೇಳಿದರು. ಒಬ್ಬರು ಹಿಂದೂ. ನೀವು ಬಂದರೆ ನನ್ನ ಆಳುಗಳು ಬಿಟ್ಟುಹೋಗುತ್ತಾರೆ ಎಂದರು. ಇನ್ನೊಬ್ಬರು ಕ್ರೈಸ್ತರು. ಹೆಂಡತಿ ನಾಳೆ ಬರುತ್ತಾಳೆ, ಅವಳನ್ನು ಕೇಳಿ ಹೇಳುತ್ತೇನೆ ಎಂದರು. ಆ ಗಂಡ ಹೆಂಡತಿ ಬ್ರಾಹ್ಮಣ ಮನೆತನದಿಂದ ಮತಾಂತರವಾದವರು, ಹೆಂಡತಿಯ ಮನಸ್ಸು ಇನ್ನೂ ಹಳೆಯ ಮಡಿಯಲ್ಲೇ ಇತ್ತು. ಅಂಬೇಡ್ಕರರಿಗೆ ಆ ಉತ್ತರದ ಅರ್ಥ ತಿಳಿಯಿತು. ಕಮಾಟಿಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿ ಒಂಬತ್ತರ ರೈಲಿಗೆ ಮುಂಬಯಿಗೆ ಹೊರಟರು.

ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ವಾಲೆಸರ ಬೆಲೆ ಕಡಿಮೆಯಾಗುತ್ತದೆಯೇ? ಇಲ್ಲ. ಆದರೆ ನಾವು ಅವರಿಂದ ಎತ್ತಿಕೊಳ್ಳುವ ಪಾಠ ಬದಲಾಗುತ್ತದೆ. ಸಾಮಾನು ಇಲ್ಲದೆ ಪರರ ಬಾಗಿಲಿಗೆ ಹೋಗಿ ನಿಲ್ಲುವುದು ಒಬ್ಬರಿಗೆ ಆರಿಸಿಕೊಂಡ ಸಾಧನೆ. ಬಾಗಿಲು ಹಾಕಿದರೂ ನದಿಯಾಚೆ ಅವರದೊಂದು ಕೋಣೆ ಇದ್ದೇ ಇತ್ತು. ಇನ್ನೊಬ್ಬರಿಗೆ ಅದು ಆಯ್ಕೆಯಲ್ಲ, ಹಣೆಯ ಮೇಲೆ ಬೇರೆಯವರು ಬರೆದದ್ದು. ಕಮಾಟಿಬಾಗಿನ ಆ ಮಧ್ಯಾಹ್ನ ಅಂಬೇಡ್ಕರರ ಬಳಿ ಹೋಗಿ, ಶಾಂತಿ ನಿಮ್ಮೊಳಗೇ ಇದೆ ಎಂದು ಯಾರಾದರೂ ಹೇಳಿದ್ದರೆ ಅದು ಉಪದೇಶವಾಗುತ್ತಿರಲಿಲ್ಲ, ದೊಣ್ಣೆ ಹಿಡಿದು ಬಂದವರ ಕೆಲಸದ ಮುಂದುವರಿದ ಭಾಗವಾಗುತ್ತಿತ್ತು. ಒಳಗಿನ ಶಾಂತಿಯ ಮಾತನ್ನು ಹೊರಗೆ ನಿಂತವರಿಗೆ ಹೇಳಬಾರದು. ಒಳಗೆ ಕುಳಿತವರಿಗೆ ಹೇಳಬೇಕು, ಅದೂ ಪ್ರಶ್ನೆಯ ರೂಪದಲ್ಲಿ: ನಿಮ್ಮ ಶಾಂತಿ ಬಾಗಿಲು ಹಾಕಿದ್ದರಿಂದ ಬಂದದ್ದೋ, ತೆಗೆದ ಮೇಲೂ ಉಳಿಯುವಂಥದ್ದೋ? ಅಂದು ಆ ಕ್ರೈಸ್ತ ದಂಪತಿಯ ಮನೆಯಲ್ಲಿ ಶಿಲುಬೆ ಇದ್ದೀತು, ಬೈಬಲ್ ಇದ್ದೀತು, ಸಂಜೆಯ ಪ್ರಾರ್ಥನೆಯೂ ನಡೆದೀತು. ಅವರ ಮತ ಬದಲಾಗಿತ್ತು, ಹೊಸ್ತಿಲು ಮಾತ್ರ ಹಳೆಯದೇ.

ಇನ್ನೊಂದು ಮುಳ್ಳೂ ಇಲ್ಲಿದೆ. ವಾಲೆಸರ ಓದುಗರಲ್ಲಿ ಬಹುಪಾಲು ಹಿಂದೂಗಳು, ಜೈನರು. ಅವರು ಯಾರನ್ನೂ ಮತಾಂತರಕ್ಕೆ ಕರೆಯಲಿಲ್ಲ. ಒಬ್ಬ ಪಾದ್ರಿ ತನ್ನ ಬದುಕಿನ ಅತಿ ದೊಡ್ಡ ನಂಬಿಕೆಯನ್ನು ಅಂಕಣದ ಹೊರಗಿಡುವುದು ಪ್ರಾಮಾಣಿಕತೆಯೇ? ನನ್ನ ಮಟ್ಟಿಗೆ, ಹೌದು. ಹೆಸರಿನ ಹಿಂದೆಯೇ ‘ಫಾದರ್’ ಇತ್ತು, ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಅತಿಥಿಯಾಗಿ ಹೋದವರು ಆತಿಥೇಯರ ದೇವರ ಗೂಡನ್ನು ಸರಿಪಡಿಸಲು ಕೈಹಾಕುವುದಿಲ್ಲ. ಆದರೆ ನಾವು ಅವರನ್ನು ಹೊಗಳುವಾಗ ಏನನ್ನು ಹೊಗಳುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. 1998ರ ಕ್ರಿಸ್‌ಮಸ್ ಹೊತ್ತಿಗೆ ಸೂರತ್ತಿನಾಚೆಯ ಡಾಂಗ್ ಜಿಲ್ಲೆಯಲ್ಲಿ ಆದಿವಾಸಿ ಕ್ರೈಸ್ತರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. 2003ರಲ್ಲಿ ಬಂದ ರಾಜ್ಯದ ಕಾನೂನಿನ ಪ್ರಕಾರ ಮತಾಂತರ ಮಾಡಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಬೇಕು. 2011ರ ಜನಗಣತಿಯಂತೆ ಗುಜರಾತಿನಲ್ಲಿ ಕ್ರೈಸ್ತರು ನೂರಕ್ಕೆ ಅರ್ಧ. ಇಂಥ ಕಡೆ ‘ನಮ್ಮ ಫಾದರ್ ವಾಲೆಸ್ ಎಷ್ಟು ಒಳ್ಳೆಯವರು, ಧರ್ಮದ ಸುದ್ದಿಗೇ ಬರಲಿಲ್ಲ’ ಎಂಬ ಮೆಚ್ಚುಗೆಯ ಹಿಂದೆ, ಉಳಿದವರೂ ಹಾಗೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂಬ ಆಸೆ ಅಡಗಿರಬಹುದು. ಅವರು ತಾವಾಗಿ ಇಟ್ಟುಕೊಂಡ ಮೌನವನ್ನು ಬೇರೆಯವರ ಮೇಲೆ ಕಟ್ಟುಮಾಡುವುದು ಅವರಿಗೆ ಮಾಡುವ ಗೌರವವಲ್ಲ.

1990ರಲ್ಲಿ ವಾಲೆಸ್ ಮ್ಯಾಡ್ರಿಡ್‌ಗೆ ಹಿಂತಿರುಗಿದರು. ಮುಪ್ಪಿನ ತಾಯಿ ಜೊತೆಗಿರು ಎಂದಿದ್ದ ಕಾರಣ. ‘ಸದಾಚಾರ’ದ ಅಚ್ಚಿನ ಖರ್ಚು ಕೊಟ್ಟ ಆ ತಾಯಿ ನೂರು ದಾಟಿ ಬದುಕಿದರು. ಮಗ 2020ರ ನವೆಂಬರಿನಲ್ಲಿ, ತೊಂಬತ್ತೈದು ತುಂಬಿ ಕೆಲವೇ ದಿನಗಳಾಗಿದ್ದಾಗ ಹೋದರು. ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು. ಸರ್ಕಾರದ ಪಟ್ಟಿಯಲ್ಲಿ ಈ ಒಂದೂಕಾಲು ಗುಜರಾತಿಯ ಹೆಸರಿನ ಮುಂದೆ ಇದ್ದ ಊರು ಸ್ಪೇನ್.

ನಮ್ಮ ಸಂಗತಿಗೆ ಬರೋಣ. ಈ ಪತ್ರಿಕೆ ಓದುವವರಲ್ಲಿ ಬಹಳ ಜನ ಒಂದಿಲ್ಲೊಂದು ಊರಿನಲ್ಲಿ ಬಾಡಿಗೆ ಮನೆಗೆ ಅಲೆದವರೇ. ಅಹಮದಾಬಾದಿರಲಿ, ಸೂರತ್ತಿರಲಿ, ದಲಾಲರು ಕೇಳುವ ಪ್ರಶ್ನೆಗಳು ನಮಗೆ ಬಾಯಿಪಾಠ. ಊರು ಯಾವುದು, ಫ್ಯಾಮಿಲಿಯೋ ಬ್ಯಾಚಲರೋ, ವೆಜ್ಜೋ ನಾನ್‌ವೆಜ್ಜೋ. ಕೊನೆಯ ಪ್ರಶ್ನೆ ಊಟದ್ದಲ್ಲ ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಇದಲ್ಲದೆ ಗುಜರಾತಿನಲ್ಲಿ 1991ರ ಅಶಾಂತ ಪ್ರದೇಶಗಳ ಕಾನೂನೊಂದಿದೆ. ಅಹಮದಾಬಾದ್, ವಡೋದರಾ, ಸೂರತ್ತಿನ ಗುರುತಿಸಿದ ಬಡಾವಣೆಗಳಲ್ಲಿ ಮನೆ ಮಾರಲು ಕಲೆಕ್ಟರರ ಅನುಮತಿ ಬೇಕು. ಗಲಭೆಯ ಭಯಕ್ಕೆ ಜನ ಸಿಕ್ಕಷ್ಟು ಹಣಕ್ಕೆ ಮನೆ ಮಾರಿ ಓಡಬಾರದೆಂದು ತಂದದ್ದು. ಅದರ ಫಲವಾಗಿ ಒಂದು ಮತದವರ ಬೀದಿಗೆ ಇನ್ನೊಂದು ಮತದವರು ಬರುವುದು ಕಷ್ಟವಾಗಿಬಿಟ್ಟಿದೆ. ಪೋಳದ ಹೆಬ್ಬಾಗಿಲನ್ನು ಈಗ ಮರದಲ್ಲಿ ಮಾಡಬೇಕಿಲ್ಲ, ಕಾಗದದಲ್ಲಿ ಮಾಡಿದರೂ ಸಾಕು.

ಆದರೆ ನಾವೇನೂ ಎಂದೆಂದಿಗೂ ಬಾಡಿಗೆದಾರರಾಗಿ ಉಳಿಯುವುದಿಲ್ಲ. ಹತ್ತು ವರ್ಷವಾದ ಮೇಲೆ ಫ್ಲ್ಯಾಟ್ ಕೊಳ್ಳುತ್ತೇವೆ, ಗೃಹಪ್ರವೇಶಕ್ಕೆ ಹೋಳಿಗೆ ಮಾಡಿಸುತ್ತೇವೆ, ನವರಾತ್ರಿಯಲ್ಲಿ ಗರ್ಬಾ ಕುಣಿಯುತ್ತೇವೆ, ಸೊಸೈಟಿಯ ಕಮಿಟಿಗೆ ಆರಿಸಿ ಬರುತ್ತೇವೆ. ಒಂದು ದಿನ ಹೊಸಬರ ಅರ್ಜಿ ನಮ್ಮ ಮುಂದೆಯೇ ಬರುತ್ತದೆ. ನಮ್ಮ ಕಟ್ಟಡದಲ್ಲಿ ಮೂರನೆಯ ಮಹಡಿಯ ಫ್ಲ್ಯಾಟ್ ಖಾಲಿಯಾಗಿದೆ. ಕೇಳಿಕೊಂಡು ಬಂದಿರುವವರು ಮಲಯಾಳಿ ಕ್ರೈಸ್ತ ದಂಪತಿ, ಇಬ್ಬರೂ ಆಸ್ಪತ್ರೆಯಲ್ಲಿ ನರ್ಸ್, ಮೀನು ತಿನ್ನುವವರು, ಅದನ್ನು ಅವರೇ ಮೊದಲು ಹೇಳಿದ್ದಾರೆ. ನಾನು ಒಪ್ಪಿಗೆ ಕೊಡುವವನಿದ್ದೇನೆ. ಐದು ಜನರ ಕಮಿಟಿಯಲ್ಲಿ ಕನ್ನಡದವರು ಇಬ್ಬರಿದ್ದೇವೆ. ಇನ್ನೊಬ್ಬರು, ನನಗಿಂತ ಹಿರಿಯರು, ಭಾನುವಾರದ ಮೀಟಿಂಗಿಗೆ ಮೊದಲು ಮನೆಗೆ ಚಹಾಕ್ಕೆ ಬಾ, ಸ್ವಲ್ಪ ಮಾತಾಡುವುದಿದೆ ಎಂದಿದ್ದಾರೆ.